ಗ್ಯಾರೇಜಿನಲ್ಲಿ ತುಂಬಿದ ತೋಟಾ, ನಳಿಗೆಯಲ್ಲೇ ನಿಂತ ಗುಂಡು

ಡಲ್ಲಾಸ್: ಆ ಭಾನುವಾರ ಬೆಳಿಗ್ಗೆ ಊರ ಹೊರಗಿನ ಶೂಟಿಂಗ್ ರೇಂಜಿನಲ್ಲಿ ನಮ್ಮ ಪಿಸ್ತೂಲು ‘ಢಂ’ ಎನ್ನಬೇಕಾದಲ್ಲಿ ‘ಪುಸ್’ ಎಂದಿತು. ತೇವ ಹಿಡಿದ ಪಟಾಕಿಯ ಸದ್ದು ನೆನಪಿದ್ದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಸ್ಲೈಡ್ ಹಿಂದೆ ಸರಿಯಲಿಲ್ಲ, ಖಾಲಿ ಕೇಸ್ ಹೊರಗೆ ಹಾರಲಿಲ್ಲ. ತೋಟಾ ಠುಸ್ ಆದರೆ ಸ್ಲೈಡ್ ಎಳೆದು ಮುಂದಿನದಕ್ಕೆ ಹೋಗುವುದು ರೂಢಿ. ಕೈ ಆಗಲೇ ಅತ್ತ ಹೋಗಿತ್ತು. ಪಕ್ಕದ ಸಾಲಿನ ಹಿರಿಯರೊಬ್ಬರು ‘ನಿಲ್ಲಿಸಿ!’ ಎಂದು ಕೂಗದಿದ್ದರೆ ಈ ಬರಹಕ್ಕೆ ಕೈಬೆರಳು ಉಳಿದಿರುತ್ತಿದ್ದವೋ ಇಲ್ಲವೋ.

ರೇಂಜಿನವರು ಪಿಸ್ತೂಲನ್ನು ಖಾಲಿ ಮಾಡಿ, ಬಿಚ್ಚಿ, ನಳಿಗೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಆಚೆಯ ಬೆಳಕು ಈಚೆ ಕಾಣಲಿಲ್ಲ. ಗುಂಡು ನಡುವೆ ಕುಳಿತಿತ್ತು. ಅದರ ಹಿಂದೆ ಇನ್ನೊಂದು ಗುಂಡು ಹಾರಿಸಿದ್ದರೆ ನಳಿಗೆ ಉಬ್ಬುವುದೋ ಸಿಡಿಯುವುದೋ ಆಗುತ್ತಿತ್ತು. ಕಿವಿಗೆ ರಕ್ಷಣೆ ಹಾಕಿಕೊಂಡಿರುವಾಗ ಇಂಥ ಸಣ್ಣ ಸದ್ದು ತಪ್ಪಿಹೋಗುವುದು ಸುಲಭ ಎಂದು ಆ ಹಿರಿಯರು ಆಮೇಲೆ ಹೇಳಿದರು.

ನಾವು ಮೂವರು. ಒಬ್ಬರು ಮಡಿಕೇರಿ ಕಡೆಯವರು, ಒಬ್ಬರು ಹಾಸನ, ಮತ್ತೊಬ್ಬರು ದಾವಣಗೆರೆ. ಕೊಡವರ ಮನೆಗಳಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ ಮಾಡಿ ನಳಿಗೆಗೆ ತೋಕ್ ಪೂ ಸಿಕ್ಕಿಸುತ್ತಾರೆ. ಬಂದೂಕಿನ ಗೌರವ, ಭಯ ಎರಡನ್ನೂ ನಮಗೆ ಕಲಿಸಿದವರು ಆ ಮಡಿಕೇರಿ ಗೆಳೆಯರೇ. ಬಳಸಿದ ಹಿತ್ತಾಳೆ ಕೇಸಿಗೆ ಹೊಸ ಪ್ರೈಮರ್, ಮದ್ದು, ಗುಂಡು ಕೂರಿಸಿ ಮತ್ತೆ ತೋಟಾ ಮಾಡುವ ಚಟ ಹತ್ತಿದ್ದು 2020ರ ನಂತರ, ಅಂಗಡಿಗಳಲ್ಲಿ ತೋಟಾಗೆ ಬರ ಬಂದಾಗ. ಊರಿನಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಇಲ್ಲಿ ಸ್ವಂತ ಬಳಕೆಗಾದರೆ ಫೆಡರಲ್ ಲೈಸೆನ್ಸ್ ಬೇಡ, ಮಾರುವುದಾದರೆ ಬೇಕು. ಹೊಸದಾಗಿ ಬಂದ ನಮ್ಮ ಹುಡುಗರಿಗೆ ಒಂದು ಮಾತು: ಎಚ್-1ಬಿ ವೀಸಾದಲ್ಲಿರುವವರು ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಇಲ್ಲದೆ ಬಂದೂಕಾಗಲಿ ತೋಟಾವಾಗಲಿ ಇಟ್ಟುಕೊಳ್ಳುವಂತಿಲ್ಲ. ನಾವು ಗ್ರೀನ್ ಕಾರ್ಡ್ ಬರುವವರೆಗೆ ಕಾದೆವು.

ನಮ್ಮದು .32 ಎಸಿಪಿ. ಜಾನ್ ಬ್ರೌನಿಂಗ್ ರೂಪಿಸಿದ, 1899ರಲ್ಲಿ ಬಂದ ಪುಟ್ಟ ತೋಟಾ, ಊರಿನ ಲೈಸೆನ್ಸುದಾರರಿಗೂ.32 ಎಂದರೆ ಗೊತ್ತು. ಸಾಮಾನ್ಯ ಗುಂಡಿನ ತೂಕ 71 ಗ್ರೇನ್, ಅಂದರೆ ಐದು ಗ್ರಾಂ ಕೂಡ ಇಲ್ಲ. ಕೇಸ್ ಚಿಕ್ಕದು, ಮದ್ದು ಚಿಟಿಕೆಯಷ್ಟು. ತಾಪತ್ರಯ ಇರುವುದೇ ಅಲ್ಲಿ. ದೊಡ್ಡ ತೋಟಾದಲ್ಲಿ ಲೆಕ್ಕಕ್ಕೆ ಬಾರದ ಗ್ರೇನಿನ ಹತ್ತನೇ ಒಂದು ಭಾಗ ಇಲ್ಲಿ ಎದ್ದು ಕಾಣುತ್ತದೆ.

ಮನೆಗೆ ಬಂದು ಪತ್ತೇದಾರಿಕೆ ಶುರು. ತುಂಬಿದ್ದು ನೂರು, ಹಾರಿಸಿದ್ದು 23, ಸಿಕ್ಕಿಕೊಂಡದ್ದು ಒಂದು, ಉಳಿದದ್ದು 76. ‘ತೂಗಿದರೆ ಗೊತ್ತಾಗುತ್ತದಲ್ಲ’ ಎಂದರು ಹಾಸನದವರು. ತೂಗಿದೆವು, ಏನೂ ತಿಳಿಯಲಿಲ್ಲ. ಬೇರೆ ಬೇರೆ ಕಂಪನಿಯ ಕೇಸುಗಳ ತೂಕದ ವ್ಯತ್ಯಾಸವೇ ಒಳಗಿನ ಮದ್ದಿನಷ್ಟಿತ್ತು! ಬೇರೆ ದಾರಿಯಿಲ್ಲದೆ, ಸುತ್ತಿಗೆಯಾಕಾರದ ಸಾಧನದಲ್ಲಿ ಒಂದೊಂದನ್ನೇ ಕುಟ್ಟಿ ಗುಂಡು, ಮದ್ದು ಬೇರೆ ಮಾಡಿದೆವು. ಮೂರು ಸಂಜೆ ಹಿಡಿಯಿತು.

ಖಾಲಿ ಕೇಸ್ ಮತ್ತೊಂದು ಸಿಗಲಿಲ್ಲ. ಸಿಕ್ಕಿದ್ದು ಅದಕ್ಕಿಂತ ಕೆಟ್ಟದ್ದು: ಒಂದರಲ್ಲಿ ಮದ್ದು ದುಪ್ಪಟ್ಟು. ತಕ್ಕಡಿಯ ಮೇಲೆ ಅದನ್ನು ನೋಡಿದ ನಂತರ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆಗಿದ್ದು ಹೀಗೆ. ಕೇಸ್ ಜೋಡಿಸುವ ಹಲಗೆ ನಮ್ಮ ಅಳಗುಳಿ ಮಣೆಯಂತೆ ಗುಳಿಗುಳಿ. ಸಾಲಾಗಿ ಮದ್ದು ಹಾಕುತ್ತಾ ಹೋಗಬೇಕು. ಆ ರಾತ್ರಿ ಎರಡು ಸಲ ಎದ್ದಿದ್ದೆವು: ಒಮ್ಮೆ ದಾವಣಗೆರೆಯಿಂದ ಅಮ್ಮನ ವಿಡಿಯೊ ಕರೆ, ಇನ್ನೊಮ್ಮೆ ಪಾರ್ಸೆಲ್ಲಿನವನ ಬೆಲ್. ಮರಳಿ ಕುಳಿತಾಗ ಒಮ್ಮೆ ಒಂದು ಮನೆ ಮುಂದಿನಿಂದ, ಮತ್ತೊಮ್ಮೆ ಒಂದು ಮನೆ ಹಿಂದಿನಿಂದ ಶುರು ಮಾಡಿದ್ದೆವು. ಗುಂಡು ಕೂರಿಸುವ ಮೊದಲು ಟಾರ್ಚ್ ಹಿಡಿದು ಎಲ್ಲ ಕೇಸುಗಳೊಳಗೆ ಇಣುಕಿದ್ದರೆ ಎರಡೂ ಕಾಣುತ್ತಿತ್ತು. ಇಣುಕಿರಲಿಲ್ಲ.

ಬಿಚ್ಚಿದ ಮೇಲೆ ಹಳೆಯ ಸಣ್ಣ ಕಾಟಗಳ ಮೂಲವೂ ಗೊತ್ತಾಯಿತು. ಮದ್ದಿನ ತೂಕ ಒಂದೊಂದರಲ್ಲಿ ಒಂದೊಂದು ಇದ್ದದ್ದಕ್ಕೆ ತಕ್ಕಡಿಯ ನೆತ್ತಿಯ ಮೇಲಿದ್ದ ಎ.ಸಿ. ಗಾಳಿ ಕಾರಣ. ಮೊದಲ ಪೆಟ್ಟಿಗೆ ಹಾರದೆ ಎರಡನೆಯದಕ್ಕೆ ಹಾರುವ ತೋಟಾಗಳಲ್ಲಿ ಪ್ರೈಮರ್ ಪೂರ್ತಿ ಒಳಗೆ ಕುಳಿತಿರಲಿಲ್ಲ; ಬೆರಳಾಡಿಸಿದರೆ ಕೈಗೆ ತಟ್ಟುತ್ತಿತ್ತು. ಸ್ಲೈಡ್ ಪೂರ್ತಿ ಮುಚ್ಚದಿದ್ದರೆ ಕೇಸಿನ ಬಾಯಿ ಅಗಲಿಸಿದ್ದನ್ನು ಮತ್ತೆ ಸರಿಯಾಗಿ ಒತ್ತಿಲ್ಲ ಎಂದರ್ಥ. ಈಗ ಬಿಚ್ಚಿದ ನಳಿಗೆಗೆ ತೋಟಾ ಇಳಿಬಿಟ್ಟು ‘ಟಕ್’ ಎಂದು ಬೀಳುತ್ತದೆಯೇ ಎಂದು ನೋಡುತ್ತೇವೆ. ಹೆಬ್ಬೆರಳಿಂದ ಒತ್ತಿದರೆ ಗುಂಡು ಒಳಕ್ಕೆ ಸರಿಯುವ ತೋಟಾವನ್ನು ಬದಿಗಿಡುತ್ತೇವೆ, ಏಕೆಂದರೆ ಒಳಗಿನ ಜಾಗ ಕಿರಿದಾದರೆ ಒತ್ತಡ ಏರುತ್ತದೆ. ಮ್ಯಾಗಜೀನಿನಲ್ಲಿ ಮೇಲಿನ ತೋಟಾದ ಅಂಚು ಕೆಳಗಿನದರ ಹಿಂದೆ ಸಿಕ್ಕಿಬೀಳುವ ಕಾಟ ಮಾತ್ರ .32ರ ಹುಟ್ಟುಗುಣ. ಒಂದೊಂದನ್ನೂ ನೋಡಿ ತುಂಬಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗಿಲ್ಲ.

ಮನೆಯವರು ಹಾಕಿದ ನಿಯಮ ಇನ್ನೊಂದಿದೆ. ಪ್ರೈಮರಿನಲ್ಲೂ ಗುಂಡಿನಲ್ಲೂ ಸೀಸ ಇರುವುದರಿಂದ ಗ್ಯಾರೇಜಿನೊಳಗೆ ಕೋಡುಬಳೆ, ಕಾಫಿ ಬಂದ್. ಕೈ ತೊಳೆಯದೆ ಮಕ್ಕಳನ್ನು ಮುಟ್ಟುವಂತಿಲ್ಲ. ಫೋನು ಅಡುಗೆಮನೆಯಲ್ಲಿ ಉಳಿಯುತ್ತದೆ. ಅಮ್ಮನಿಗೂ ಹೇಳಿದ್ದೇವೆ, ಶನಿವಾರ ನಮ್ಮ ರಾತ್ರಿ ಹೊತ್ತು ಕರೆ ಮಾಡಬೇಡಿ ಎಂದು. ‘ಅಂಥಾ ಏನ್ ಕೆಲ್ಸನಪ್ಪಾ ಅದು?’ ಎಂದು ಕೇಳಿದರು. ನಿಜ ಹೇಳಲು ಧೈರ್ಯ ಬರಲಿಲ್ಲ.

ಮುಂದಿನ ತಿಂಗಳು ಹತ್ತೇ ಹತ್ತು ತೋಟಾ ಒಯ್ದೆವು. ಪ್ರತಿ ಸದ್ದಿನ ನಂತರ ಗುರಿಹಲಗೆಯಲ್ಲಿ ತೂತು ಬಿದ್ದಿದೆಯೇ ಎಂದು ನೋಡಿಯೇ ಮುಂದಿನದು. ಹತ್ತೂ ಹಾರಿದವು. ಏಳನೆಯದರ ಬಿಸಿ ಕೇಸ್ ಮಾತ್ರ ಪಕ್ಕದ ಸಾಲಿಗೆ ಹಾರಿ ಅದೇ ಹಿರಿಯರ ಅಂಗಿಯ ಕಾಲರಿನೊಳಗೆ ಬಿತ್ತು.