ಪಂಚಾಂಗ ನೋಡಿ ಹೊರಡುವ ಹೊಳೆದಂಡೆ

ಸಿಂದಗಿ ದಾಟಿ ಜೇವರ್ಗಿ ಕಡೆ ಹೊರಟ ಬಸ್ಸು ನೆಲೋಗಿ ಕ್ರಾಸಿನಲ್ಲಿ ನಿಂತಾಗ ಇಳಿಯುವವರು ಊರಿನವರೇ, ಪ್ರವಾಸಿಗರಲ್ಲ. 2004ರಿಂದ 2006ರ ತನಕ ಮುಖ್ಯಮಂತ್ರಿಯಾಗಿದ್ದ ಧರ್ಮಸಿಂಗ್ ಅವರ ಊರು ಎಂಬುದನ್ನು ಬಿಟ್ಟರೆ ಹೊರಗಿನವರಿಗೆ ಈ ಹೆಸರಿನ ಪರಿಚಯ ಕಡಿಮೆ. ಕಣ್ಣು ಹಾಯುವಷ್ಟು ದೂರ ಎರೆ ಹೊಲ, ತೊಗರಿ, ಹತ್ತಿ. ಗುಡ್ಡವಿಲ್ಲ, ಜಲಪಾತವಿಲ್ಲ, ವೀಕೆಂಡ್ ರೆಸಾರ್ಟಂತೂ ಇಲ್ಲವೇ ಇಲ್ಲ. ಹಾಗಂತ ಈ ಸೀಮೆಯವರು ಮನೆ ಬಿಟ್ಟು ಹೊರಡುವುದಿಲ್ಲ ಎಂದುಕೊಳ್ಳಬೇಡಿ. ಶನಿವಾರ, ಭಾನುವಾರ ನೋಡಿ ಹೊರಡುವುದಿಲ್ಲ ಅಷ್ಟೆ. ಅಮಾವಾಸ್ಯೆ, ಹುಣ್ಣಿಮೆ, ಜಾತ್ರೆ ನೋಡಿ ಹೊರಡುತ್ತಾರೆ. ಬುತ್ತಿ ಕಟ್ಟಿಕೊಂಡು, ಟ್ರ್ಯಾಕ್ಟರ್ ತುಂಬ ಜನ ಹತ್ತಿಸಿಕೊಂಡು. ಹೆಚ್ಚಿನ ಸಲ ದಾರಿ ಹೊಳೆಯ ಕಡೆಗೇ.

ಹೊಳೆ ಎಂದರೆ ಇಲ್ಲಿ ಭೀಮೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳನ್ನು ಹೆಣೆದದ್ದು ಇದೇ ನೀರು. ಆಳಂದದ ಕಡೆ ಹುಟ್ಟುವ ಅಮರ್ಜೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಗೆ ಸೇರುತ್ತಾಳೆ, ಅಲ್ಲಿಂದ ಮುಂದೆ ಭೀಮೆ ಜೇವರ್ಗಿ ಸೀಮೆಯನ್ನು ಸುತ್ತಿ ಹರಿಯುತ್ತಾಳೆ. ಇವಳ ಹುಟ್ಟು ಸಹ್ಯಾದ್ರಿಯ ನೆತ್ತಿಯ ಭೀಮಾಶಂಕರದಲ್ಲಿ. ಅಲ್ಲಿಂದ ಅರಬ್ಬಿ ಸಮುದ್ರ ನೂರು ಕಿಲೋಮೀಟರೂ ದೂರವಿಲ್ಲ. ಆದರೂ ಕಡಲಿಗೆ ಬೆನ್ನು ಮಾಡಿ ಪೂರ್ವಕ್ಕೆ ತಿರುಗಿ, 861 ಕಿಲೋಮೀಟರ್ ನಡೆದು ರಾಯಚೂರಿನ ಉತ್ತರಕ್ಕೆ ಕೃಷ್ಣೆಯ ಮಡಿಲಿಗೆ ಬೀಳುತ್ತಾಳೆ. ಕರಾವಳಿಯ ನೆರೆಮನೆಯಲ್ಲಿ ಸುರಿದ ಮಳೆ ಬರಗಾಲದ ಬಯಲಿಗೆ ಬರುವುದು ಹೀಗೆ.

ಇದರಿಂದ ಒಂದು ವಿಚಿತ್ರ ಪರಿಸ್ಥಿತಿ. ಜೇವರ್ಗಿಯಲ್ಲಿ ಮೋಡದ ಸುಳಿವೇ ಇಲ್ಲದ ದಿನವೂ ಹೊಳೆ ತುಂಬಿ ಬರಬಹುದು. ಪುಣೆಯ ಕಡೆ ಮಳೆ ಹಿಡಿದು, ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದ ಗೇಟು ತೆರೆದರೆ ಇಲ್ಲಿ ಸೊನ್ನ ಬ್ಯಾರೇಜಿನ ಕೆಳಗಿನ ಊರುಗಳಲ್ಲಿ ಡಂಗುರ. 2020ರ ಅಕ್ಟೋಬರಿನಲ್ಲಿ ಬಂದ ನೆರೆ ಅಫಜಲಪುರ, ಜೇವರ್ಗಿ, ಚಿತ್ತಾಪುರ ತಾಲ್ಲೂಕುಗಳ ದಂಡೆಯ ಹಳ್ಳಿಗಳನ್ನು ಕಾಳಜಿ ಕೇಂದ್ರಕ್ಕೆ ಅಟ್ಟಿತ್ತು. ಅದೇ ಹೊಳೆ ಏಪ್ರಿಲ್ ಹೊತ್ತಿಗೆ ಅಲ್ಲಲ್ಲಿ ಮಡುವಾಗಿ ಉಳಿದು, ನೀರು ಬಿಡಿ ಎಂದು ಮೇಲಿನವರಿಗೆ ಪತ್ರ ಬರೆಯುವ ಕಾಲ ಬರುತ್ತದೆ. ನೋಡಲು ಹೋಗುವವರು ಮಾರ್ಗಶಿರದಿಂದ ಮಾಘದೊಳಗೆ ಹೋಗಿ ಬರುವುದು ಲೇಸು.

ನೆಲೋಗಿಯಿಂದ ಹೊಳೆಯ ಆಚೆ ದಂಡೆಗೆ ಗಾಣಗಾಪುರ. ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುವ ನರಸಿಂಹ ಸರಸ್ವತಿಗಳು ಹದಿನೈದನೆಯ ಶತಮಾನದಲ್ಲಿ ನೆಲೆಸಿದ್ದ ಕ್ಷೇತ್ರ. ಗುಡಿಯಲ್ಲಿ ಮೂರ್ತಿಗಿಂತ ನಿರ್ಗುಣ ಪಾದುಕೆಗೇ ಮಹತ್ವ. ಅದನ್ನು ಸಣ್ಣ ಕಿಂಡಿಯ ಮೂಲಕವೇ ನೋಡಬೇಕು. ಬಂದವರಲ್ಲಿ ಮರಾಠಿ ಮಾತಾಡುವವರೇ ಬಹಳ. ಸರಸ್ವತಿ ಗಂಗಾಧರ ಮರಾಠಿಯಲ್ಲಿ ಬರೆದ ‘ಗುರುಚರಿತ್ರೆ’ ಆ ಕಡೆಯ ಮನೆಮನೆಯ ಪಾರಾಯಣ ಗ್ರಂಥವಾದ್ದರಿಂದ ಇದು ಸಹಜ. ನನಗೆ ಗುಡಿಗಿಂತ ಇಷ್ಟವಾಗುವುದು ಊರಾಚೆಯ ಸಂಗಮ. ಅತ್ತಿಮರದ ನೆರಳಿನಲ್ಲಿ ಚಾಪೆ ಹಾಸಿ, ಏಳು ದಿನದ ಪಾರಾಯಣಕ್ಕೆ ಕೂತವರ ತುಟಿಯಷ್ಟೇ ಅಲುಗುತ್ತಿರುತ್ತದೆ. ಒದ್ದೆ ಧೋತರ, ಸೀರೆಗಳು ಕಟ್ಟೆಯ ಮೇಲೆ ಒಣಗುತ್ತಿರುತ್ತವೆ. ಮಧ್ಯಾಹ್ನವಾದರೆ ಊರೊಳಗೆ ಮಧುಕರಿ. ಕಾರಿನಲ್ಲಿ ಬಂದ ಶ್ರೀಮಂತನೂ ಜೋಳಿಗೆ ಹಿಡಿದು ಐದು ಮನೆ ಮುಂದೆ ನಿಂತು ಭಿಕ್ಷೆ ಬೇಡಬೇಕು. ದತ್ತನೂ ಯಾವುದೋ ವೇಷದಲ್ಲಿ ಆ ಸಾಲಿನಲ್ಲಿರುತ್ತಾನೆ ಎಂಬ ನಂಬಿಕೆಯಿಂದಾಗಿ ಯಾರನ್ನೂ ಗದರುವಂತಿಲ್ಲ. ಪ್ರವಾಸವೆಂದರೆ ಕೈಬಿಚ್ಚಿ ಖರ್ಚು ಮಾಡುವುದು ಎಂದುಕೊಂಡ ಈ ಕಾಲದಲ್ಲಿ, ಕೈಚಾಚುವುದಕ್ಕಾಗಿಯೇ ನೂರಾರು ಮೈಲಿ ಬರುವ ಜನರಿದ್ದಾರೆ!

ಅದೇ ತಾಲ್ಲೂಕಿನ ಘತ್ತರಗಿಯಲ್ಲಿ ಭಾಗ್ಯವಂತಿಯ ಗುಡಿ ಹೊಳೆಗೇ ಅಂಟಿಕೊಂಡಿದೆ. ಅಮಾವಾಸ್ಯೆಯ ದಿನ ಅಲ್ಲಿ ಕಾಲಿಡಲು ಜಾಗವಿಲ್ಲ, ಉಳಿದ ದಿನ ಆರಾಮ.

ಸ್ನಾನಕ್ಕೆ ಇಳಿಯುವವರಿಗೆ ಒಂದು ಮಾತು. ಭೀಮೆಯಲ್ಲಿ ಮೊಸಳೆಗಳಿವೆ. ಅದಕ್ಕಿಂತ ಅಪಾಯ ಮನುಷ್ಯ ತೋಡಿದ ಗುಂಡಿ. ಮೊಣಕಾಲುದ್ದ ನೀರೆಂದು ಹೆಜ್ಜೆ ಇಟ್ಟಲ್ಲಿ ಮರಳು ತೆಗೆದ ಹೊಂಡವಿರಬಹುದು. ಮೇಲಿನಿಂದ ಕಾಣುವುದಿಲ್ಲ. ಭೀಮೆಯ ಮರಳಿನ ವ್ಯವಹಾರ ಎಂಥದ್ದು ಎಂಬುದಕ್ಕೆ ನೆಲೋಗಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 2023ರ ಜೂನ್‌ನಲ್ಲಿ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಅಕ್ರಮ ಮರಳು ಸಾಗಿಸುತ್ತಿದ್ದ ಟ್ರ್ಯಾಕ್ಟರ್ ತಡೆಯಲು ಹೋಗಿ ಅದೇ ಟ್ರ್ಯಾಕ್ಟರಿನಡಿ ಪ್ರಾಣ ಬಿಟ್ಟರು. ದಂಡೆಯ ಚೆಲುವಿನ ಬಗ್ಗೆ ಬರೆಯುವಾಗ ಇದನ್ನು ಬದಿಗಿಡಲಾಗದು. ಕಾಲಿಗೆ ತಂಪು ಕೊಡುವ ಮರಳು ಲಾರಿಯಲ್ಲಿ ಹೋದ ಮೇಲೆ ದಂಡೆಯಲ್ಲಿ ಉಳಿಯುವುದು ಜಾಲಿ, ಕೆಸರು.

ಕೆಳಗೆ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋದರೆ ಹೊಳೆ ಬೇರೆಯೇ ಕಥೆ ಹೇಳುತ್ತದೆ. ಚಂದ್ರಲಾಂಬೆಯ ದರ್ಶನಕ್ಕೆ ಜನ ಮೊದಲಿನಿಂದ ಹೋಗುತ್ತಿದ್ದರು. 1986ರಲ್ಲಿ ಅದೇ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಎಂದು ಗೊತ್ತಾಯಿತು. ಮೂರ್ತಿ ಕೂರಿಸಲು ಅದರ ನಡುವೆ ತೂತು ಕೊರೆದಿದ್ದರು. ಸಮೀಪದ ಕನಗನಹಳ್ಳಿಯಲ್ಲಿ ತೊಂಬತ್ತರ ದಶಕದಲ್ಲಿ ಅಗೆದಾಗ ದೊಡ್ಡ ಸ್ತೂಪವೇ ಹೊರಬಂತು. ಅಲ್ಲಿನ ಒಂದು ಸುಣ್ಣಕಲ್ಲಿನ ಫಲಕದಲ್ಲಿ ರಾಜ ನಿಂತಿದ್ದಾನೆ, ಜೊತೆಗೆ ರಾಣಿ, ಚಾಮರ ಹಿಡಿದ ಹೆಂಗಸರು. ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೊ ಅಸೋಕೊ’. ಹೆಸರು ಸಮೇತ ಅಶೋಕನ ಚಿತ್ರ ಸಿಕ್ಕಿದ್ದು ಈ ಬಿಸಿಲು ಸೀಮೆಯಲ್ಲಿ. ಇಷ್ಟಿದ್ದೂ ಆ ಕಲ್ಲುಗಳು ವರ್ಷಗಟ್ಟಲೆ ಬಯಲಲ್ಲಿ ಬಿದ್ದಿದ್ದವು.

ಇನ್ನು ಯಾವ ಪ್ರವಾಸೋದ್ಯಮದ ನಕಾಶೆಯಲ್ಲೂ ಇಲ್ಲದ, ಆದರೆ ಈ ಭಾಗದ ಅತ್ಯುತ್ತಮ ಹೊರಾಂಗಣ ಎಂದು ನಾನು ಎಣಿಸುವ ಜಾಗ: ಎಳ್ಳಮಾವಾಸ್ಯೆಯ ಹೊಲ. ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆ, ಹೊಲದ ತುಂಬ ನೈವೇದ್ಯ ಚೆಲ್ಲುವ ಚರಗ, ಆಮೇಲೆ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಸ್ವಂತ ಹೊಲವಿಲ್ಲದವರಿಗೂ ಕರೆ ಇರುತ್ತದೆ. ಅದಾದ ಕೆಲವು ವಾರಕ್ಕೆ ಸೀತನಿ. ಹಾಲು ತುಂಬಿ ಇನ್ನೂ ಬಲಿಯದ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಹುದುಗಿಸಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿದರೆ ಹಸಿರು ಕಾಳು. ಬೆಲ್ಲದ ಚೂರು, ಶೇಂಗಾ ಹಿಂಡಿ, ಮೊಸರು ಜೊತೆಗಿರಬೇಕು. ತಣ್ಣಗಾದರೆ ರುಚಿ ಹೋಯಿತು, ಹಾಗಾಗಿ ಪಟ್ಟಣಕ್ಕೆ ಕಟ್ಟಿ ತರುವ ಮಾತಿಲ್ಲ.

ಗಡಿಯಾಚೆ ಸೊಲ್ಲಾಪುರ, ಪುಣೆ ಕಡೆ ಇದೇ ತಿನಿಸು ‘ಹುರಡಾ ಪಾರ್ಟಿ’ ಎಂಬ ಹೆಸರಿನಲ್ಲಿ ತೋಟದ ಮನೆಗಳ ಒಳ್ಳೆಯ ವ್ಯಾಪಾರವಾಗಿದೆ: ತಲೆಗಿಷ್ಟು ದುಡ್ಡು, ಎತ್ತಿನ ಗಾಡಿ ಸವಾರಿ, ಮಧ್ಯಾಹ್ನದ ಊಟ. ನೆಲೋಗಿ ಸುತ್ತ ಅದಿನ್ನೂ ನೆಂಟರ, ಗೆಳೆಯರ ಕರೆಯಾಗಿಯೇ ಉಳಿದಿದೆ. ಆದರೆ ತೊಗರಿ, ಹತ್ತಿ ಹಬ್ಬಿದಂತೆ ಹಿಂಗಾರಿ ಜೋಳದ ಹೊಲ ಕಿರಿದಾಗುತ್ತಿದೆ. ಈಗ ಮನೆಮಂದಿಗೆಂದು ನಾಲ್ಕು ಸಾಲು ಬಿತ್ತಿಕೊಳ್ಳುವ ರೈತರ ಪರಿಚಯವಿದ್ದು, ಸಂಕ್ರಾಂತಿಗೆ ಮೊದಲೇ ಮಾತು ಹಾಕಿಟ್ಟವರಿಗಷ್ಟೇ ಸೀತನಿ.