ಉಗ್ಗುವ ಮಕ್ಕಳಿಗಾಗಿ ಹೊರಟ ಹತ್ತು ಮಂದಿ

1900ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಜಾನ್ ಡ್ಯೂಯಿ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದಾಗ ಎಲಾ ಫ್ಲ್ಯಾಗ್ ಯಂಗ್ ಅವರಿಗೆ 55 ವರ್ಷ. ಹದಿಹರೆಯದಲ್ಲೇ ಪಾಠ ಹೇಳಲು ನಿಂತಿದ್ದ ಈ ಹಿರಿಯ ಶಿಕ್ಷಕಿ ಪ್ರಬಂಧಕ್ಕೆ ಆರಿಸಿಕೊಂಡದ್ದು ಶಾಲೆಯೊಳಗಿನ ಪ್ರತ್ಯೇಕತೆಯನ್ನು. ಒಂದೇ ಸೂರಿನಡಿ ದುಡಿಯುವವರು ಒಬ್ಬರಿಗೊಬ್ಬರು ದೂರವಾಗಿದ್ದಾರೆ, ಮೇಲಿನಿಂದ ಬಂದ ಆದೇಶವನ್ನು ಕೆಳಗಿನವರು ಪಾಲಿಸುತ್ತಾರಷ್ಟೆ, ಇದರಿಂದ ಕಲಿಕೆಯೇ ಸೊರಗುತ್ತದೆ ಎಂಬುದು ಅವರ ವಾದ.

1909ರಲ್ಲಿ ಅವರು ಶಿಕಾಗೊ ಶಾಲೆಗಳ ಸೂಪರಿಂಟೆಂಡೆಂಟ್ ಆದರು. ಅಮೆರಿಕದ ದೊಡ್ಡ ನಗರವೊಂದರ ಶಾಲೆಗಳ ಹೊಣೆ ಮಹಿಳೆಯೊಬ್ಬರಿಗೆ ಸಿಕ್ಕಿದ್ದು ಅದೇ ಮೊದಲು. ಉಗ್ಗುವ ಮಕ್ಕಳ ತಂದೆತಾಯಂದಿರು ಸಹಾಯ ಕೇಳಿದರು. 1910ರಲ್ಲಿ ಯಂಗ್, ಶಿಕಾಗೊ ಟೀಚರ್ಸ್ ಕಾಲೇಜಿನ ಹತ್ತು ಮಂದಿ ಪದವೀಧರರಿಗೆ ಹೆಚ್ಚಿನ ತರಬೇತಿ ಕೊಡಿಸಿ ಶಾಲೆಯಿಂದ ಶಾಲೆಗೆ ಕಳಿಸಿದರು. ಆ ಹತ್ತೂ ಮಂದಿ ಶಿಕ್ಷಕ ವೃತ್ತಿಗೆಂದೇ ಓದಿದವರು. ಅಮೆರಿಕದಲ್ಲಿ ಇಂದಿನ ಶಾಲಾ ವಾಕ್ ಚಿಕಿತ್ಸಕರ ವೃತ್ತಿ ಶುರುವಾದದ್ದು ಹೀಗೆ, ಶಿಕ್ಷಕರ ನಡುವಿನಿಂದ.

ಮುಂದೆ ಅದು ಕ್ಲಿನಿಕ್ಕಿನ ಕಡೆ ಹೊರಳಿತು. 1925ರಲ್ಲಿ ವೃತ್ತಿಗೆ ಸ್ವಂತ ಸಂಘ ಹುಟ್ಟಿತು, ವಿಶ್ವವಿದ್ಯಾಲಯಗಳು ಸಂಶೋಧನೆಗೆ ತೊಡಗಿದವು. ಜ್ಞಾನ ಬೆಳೆದದ್ದು ನಿಜ. ಆದರೆ ಶಾಲೆಯಲ್ಲಿ ಮಗುವನ್ನು ತರಗತಿಯಿಂದ ಎಬ್ಬಿಸಿ, ಬೇರೆ ಕೋಣೆಗೆ ಕರೆದೊಯ್ದು ಅಭ್ಯಾಸ ಮಾಡಿಸುವ ರೂಢಿ ಬೇರುಬಿಟ್ಟಿತು. ಕೋಣೆಯಲ್ಲಿ ತಿದ್ದಿದ ಉಚ್ಚಾರ ತರಗತಿಯ ಟೀಚರ್‌ಗೆ ತಿಳಿಯದು. ತರಗತಿಯಲ್ಲಿ ನಡೆದ ಪಾಠ ಚಿಕಿತ್ಸಕರಿಗೆ ತಿಳಿಯದು. ಯಂಗ್ ಎಚ್ಚರಿಸಿದ್ದ ದೂರವೇ ಅವರು ನೆಟ್ಟ ವೃತ್ತಿಯನ್ನೂ ಹಿಡಿದದ್ದು ನನಗೆ ತುಂಬಾ ನೋವಿನ ಸಂಗತಿ.

1975ರ ನವೆಂಬರ್ 29ರಂದು ಅಧ್ಯಕ್ಷ ಫೋರ್ಡ್ ಅಂಗವಿಕಲ ಮಕ್ಕಳ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. ಅಂಥ ಪ್ರತಿ ಮಗುವಿಗೂ ಪ್ರತ್ಯೇಕ ಶಿಕ್ಷಣ ಯೋಜನೆ ಬರೆಯಬೇಕು, ಅದನ್ನು ಹೆತ್ತವರೂ ಶಿಕ್ಷಕರೂ ಸಭೆ ಕೂಡಿ ರೂಪಿಸಬೇಕು ಎಂದಾಯಿತು. ಮಗು ಸಾಮಾನ್ಯ ತರಗತಿಯಲ್ಲಿ ಕಲಿಯುತ್ತಿದ್ದರೆ ಅಲ್ಲಿನ ಶಿಕ್ಷಕರೂ ತಂಡದಲ್ಲಿರಲೇಬೇಕೆಂದು 1997ರ ತಿದ್ದುಪಡಿ ಹೇಳಿತು.

ಈ ಒಗ್ಗಟ್ಟು ಏಕೆ ಬೇಕೆಂಬುದು ಸೆರೆಬ್ರಲ್ ಪಾಲ್ಸಿಯಿಂದ ಮಾತು ಹೊರಡದ ಮಗುವನ್ನು ನೋಡಿದರೆ ತಿಳಿಯುತ್ತದೆ. ಚಿತ್ರ ಮುಟ್ಟಿದರೆ ನುಡಿಯುವ ಯಂತ್ರ ಅದರ ಮುಂದಿದೆ. ಬೆನ್ನು ನೆಟ್ಟಗಿರಲು ಎಂಥ ಕುರ್ಚಿ ಬೇಕೆಂದು ಫಿಸಿಯೋಥೆರಪಿಸ್ಟ್ ಹೇಳಬೇಕು. ಬೆರಳು ಎಲ್ಲಿಯವರೆಗೆ ಚಾಚೀತು ಎಂಬುದು ಆಕ್ಯುಪೇಷನಲ್ ಥೆರಪಿಸ್ಟ್‌ಗೆ ಗೊತ್ತು. ಪದಗಳನ್ನು ಜೋಡಿಸುವವರು ವಾಕ್ ಚಿಕಿತ್ಸಕರು. ನಾಳೆಯ ಪಾಠಕ್ಕೆ ಯಾವ ಪದ ಬೇಕೆಂದು ತಿಳಿಸುವವರು ವಿಶೇಷ ಶಿಕ್ಷಕರು. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವ ತಾಳ್ಮೆ ತರಗತಿಯ ಟೀಚರ್‌ಗೆ ಬೇಕು. ಒಬ್ಬರು ತಪ್ಪಿದರೂ ಯಂತ್ರ ಚೀಲದಲ್ಲೇ ಉಳಿಯುತ್ತದೆ.

ಕಾನೂನು ಸಭೆ ಕರೆಸಿತು, ವಾರವಾರ ಕೂತು ಮಾತಾಡಲು ಬಿಡುವು ಕೊಡಿಸಲಿಲ್ಲ. ಹಲವು ಶಾಲೆ ಸುತ್ತುವ ಚಿಕಿತ್ಸಕರು ಟೀಚರನ್ನು ವರಾಂಡದಲ್ಲಿ ನಿಲ್ಲಿಸಿಕೊಂಡು ಎರಡು ಮಾತಾಡಿ ಓಡಬೇಕಾಗುತ್ತದೆ. ಶಿಕ್ಷಕರು ಕೂಡಿ ಚರ್ಚಿಸುವ ಮಂಡಳಿಗಳು ಬೇಕೆಂದು ಯಂಗ್ ಪಟ್ಟುಹಿಡಿದಿದ್ದರು, ಶಿಕಾಗೊದಲ್ಲಿ ಅವನ್ನು ಕಟ್ಟಿಯೂ ತೋರಿಸಿದರು. ಸಹಕಾರವನ್ನು ಅವರವರ ಒಳ್ಳೆಯತನಕ್ಕೆ ಬಿಟ್ಟರೆ ಅದು ಕೆಲಸದ ಒತ್ತಡಕ್ಕೆ ಮೊದಲು ಬಲಿಯಾಗುತ್ತದೆ. ಗಣಿತಕ್ಕೆ ಪೀರಿಯಡ್ ಇರುವಂತೆ ಇದಕ್ಕೂ ವೇಳಾಪಟ್ಟಿಯಲ್ಲಿ ಒಂದು ಪೀರಿಯಡ್ ಮೀಸಲಿಡಬೇಕು.