ಅಷ್ಟಾಂಗ ವಿನ್ಯಾಸ ಯೋಗ: ಎಣಿಕೆ ಉಸಿರಿನದು

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಪರಿಸರದ ಮಕ್ಕಳಿಗೆ ತಾಲೀಮು ಹೊಸತಲ್ಲ. ದಂಡ ಹೊಡೆಯುವುದನ್ನು, ಬೈಠಕ್ ತೆಗೆಯುವುದನ್ನು ಅವರು ಕಂಡೇ ಬೆಳೆದಿರುತ್ತಾರೆ. ಆದ್ದರಿಂದ ಅಷ್ಟಾಂಗ ವಿನ್ಯಾಸ ಯೋಗವನ್ನು ಮೊದಲು ನೋಡಿದಾಗ ಅದೂ ಒಂದು ಬಗೆಯ ಸಾಮು ಎಂದೇ ಅವರು ಭಾವಿಸುವುದು ಸಹಜ. ಅಂಗೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿಯುವ ಚತುರಂಗ ದಂಡಾಸನ ದಂಡವನ್ನೇ ಹೋಲುತ್ತದೆ, ಬೆವರಿಗೂ ಕೊರತೆಯಿಲ್ಲ. ಭೇದವಿರುವುದು ಎಣಿಕೆಯಲ್ಲಿ. ತಾಲೀಮಿನಲ್ಲಿ ದಂಡಗಳನ್ನು ಎಣಿಸುತ್ತಾರೆ, ಇಲ್ಲಿ ಉಸಿರನ್ನು.

ಯಮ, ನಿಯಮ ಮೊದಲಾಗಿ ಪತಂಜಲಿ ಹೇಳಿದ ಎಂಟು ಅಂಗಗಳಿಂದ ಈ ಪದ್ಧತಿಗೆ ಹೆಸರು ಬಂದಿದೆಯಾದರೂ ಅದರ ಇಂದಿನ ರೂಪ ಮೈಸೂರಿನದು. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಬೋಧಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ‘ಯೋಗ ಮಕರಂದ’ವನ್ನು ಪ್ರಕಟಿಸಿದರು. ಹಾಸನದ ಬಳಿಯ ಕೌಶಿಕ ಗ್ರಾಮದಲ್ಲಿ 1915ರಲ್ಲಿ ಜನಿಸಿದ ಅವರ ಶಿಷ್ಯ ಕೆ. ಪಟ್ಟಾಭಿ ಜೋಯಿಸರು ಈ ಕ್ರಮವನ್ನು ಮೈಸೂರಿನಲ್ಲಿ ದಶಕಗಳ ಕಾಲ ಕಲಿಸಿದರು; ಅವರ ‘ಯೋಗಮಾಲಾ’ 1962ರಲ್ಲಿ ಹೊರಬಂದಿತು. ಎರಡೂ ಮೂಲತಃ ಕನ್ನಡ ಕೃತಿಗಳೆಂಬುದನ್ನು ನಮ್ಮ ಮಕ್ಕಳಿಗೆ ಅವಶ್ಯವಾಗಿ ತಿಳಿಸಬೇಕು. ಅದೇ ಗುರುವಿನ ಇನ್ನೊಬ್ಬ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್ಯರು 1937ರಲ್ಲಿ ಪುಣೆಗೆ ಬಂದು ಬೇರೊಂದು ರೀತಿಯನ್ನು ಬೆಳೆಸಿದರು. ಮಹಾರಾಷ್ಟ್ರದಲ್ಲಿ ಅವರ ಹೆಸರೇ ಹೆಚ್ಚು ಪರಿಚಿತ.

ವಿನ್ಯಾಸವೆಂದರೆ ಒಂದು ಉಸಿರಿಗೆ ಒಂದು ಚಲನೆ. ಮೊದಲ ಸೂರ್ಯನಮಸ್ಕಾರದಲ್ಲಿ ಇಂಥ ಒಂಬತ್ತು ವಿನ್ಯಾಸಗಳಿವೆ. ‘ಏಕಂ’ ಎಂದಾಗ ಉಸಿರನ್ನು ಒಳಗೆಳೆಯುತ್ತ ಕೈಗಳನ್ನು ಮೇಲೆತ್ತಬೇಕು. ‘ದ್ವೇ’ ಎಂದಾಗ ಉಸಿರನ್ನು ಬಿಡುತ್ತ ಮುಂದಕ್ಕೆ ಬಾಗಬೇಕು. ಬೆಸ ಸಂಖ್ಯೆಗೆ ಪೂರಕ, ಸಮ ಸಂಖ್ಯೆಗೆ ರೇಚಕ ಎಂದು ಗಣಿತದ ಭಾಷೆಯಲ್ಲಿ ಹೇಳಿದರೆ ಐದನೆಯ ತರಗತಿಯ ಮಕ್ಕಳೂ ಗ್ರಹಿಸುತ್ತಾರೆ. ಆರನೆಯ ವಿನ್ಯಾಸವಾದ ಅಧೋಮುಖ ಶ್ವಾನಾಸನದಲ್ಲಿ ಮಾತ್ರ ಐದು ಉಸಿರುಗಳವರೆಗೆ ನಿಲ್ಲಬೇಕು. ಉಸಿರಿನ ಜೊತೆಗೆ ಬಂಧ ಮತ್ತು ದೃಷ್ಟಿಯೂ ಈ ಪದ್ಧತಿಯಲ್ಲಿವೆ. ಬಂಧಗಳನ್ನು ಶಾಲೆಯಲ್ಲಿ ಕಲಿಸುವ ಅಗತ್ಯವಿಲ್ಲ.

ಮೈಸೂರಿನ ಬೋಧನಾಕ್ರಮವೂ ಶಿಕ್ಷಕರು ಗಮನಿಸತಕ್ಕದ್ದು. ಒಂದು ಆಸನ ಸ್ಥಿರವಾಗುವವರೆಗೆ ಗುರು ಮುಂದಿನದನ್ನು ಕೊಡುವುದಿಲ್ಲ; ಒಂದೇ ಕೊಠಡಿಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಉಸಿರಿನ ಗತಿಯಲ್ಲೇ ಸಾಗುತ್ತಾನೆ. ನಮ್ಮಲ್ಲಿ ಆಗುವುದು ಇದಕ್ಕೆ ವಿರುದ್ಧ. ಜೂನ್ ಮಧ್ಯದಲ್ಲಿ ಶಾಲೆಗಳು ತೆರೆಯುತ್ತವೆ, 21ಕ್ಕೆ ಯೋಗ ದಿನ. ಆ ಕೆಲವೇ ದಿನಗಳಲ್ಲಿ ಸಾಲು ತಪ್ಪದ ಪ್ರದರ್ಶನವಾಗಬೇಕೆಂಬ ಆತುರದಿಂದ ಕವಾಯತಿನಂತೆ ‘ಒಂದು, ಎರಡು’ ಕೂಗಿದರೆ ಮಕ್ಕಳು ಉಸಿರು ಬಿಗಿಹಿಡಿದು ಕೈಕಾಲು ಆಡಿಸುತ್ತಾರೆ. ಚತುರಂಗದಲ್ಲಿ ಭುಜ ಕುಸಿಯುವುದೂ ಮಣಿಕಟ್ಟು ನೋಯುವುದೂ ಆಗಲೇ.

ಮೊದಲ ವಾರ ಮೂರು ವಿನ್ಯಾಸಗಳು ಸಾಕು. ಚತುರಂಗದಲ್ಲಿ ತೋಳು ತಡೆಯದ ಮಗು ಮೊಣಕಾಲೂರಲಿ. ಅಭ್ಯಾಸ ಬೆಳಗಿನ ಪ್ರಾರ್ಥನೆಯ ವೇಳೆಗೆ ಇರಲಿ, ಮಧ್ಯಾಹ್ನದ ಊಟದ ನಂತರ ಎಂದಿಗೂ ಬೇಡ. ಮಗುವಿನ ಉಸಿರು ಬಾಯಿಗೆ ಬಂದರೆ ಎಣಿಕೆ ಅದಕ್ಕೆ ವೇಗವಾಯಿತೆಂದೇ ಅರ್ಥ, ಕೂಡಲೇ ಕೂರಿಸಬೇಕು. ಮರಾಠಿ ಮಾಧ್ಯಮದ ಮಕ್ಕಳೂ ಕೂಡಿದ ದಿನ ಸಂಸ್ಕೃತದ ಎಣಿಕೆಯನ್ನೇ ಬಳಸಿದರೆ ಸೂಚನೆಯನ್ನು ಎರಡು ಭಾಷೆಗಳಲ್ಲಿ ಹೇಳುವ ತೊಡಕೂ ಉಳಿಯದು.